ಹೊಸ ಕಾರಿನ ಹಳೇ ಗಾಯ: ಸಹಿ ಹಾಕುವ ಮುಂಚೆ ಹುಡುಕುವುದು ಹೇಗೆ?

ಹೊಸ ಕಾರು ಅಂದರೆ ಯಾರೂ ಓಡಿಸದ ಕಾರು ಅಂತಷ್ಟೇ ಅಲ್ಲ, ಯಾರೂ ರಿಪೇರಿ ಮಾಡದ ಕಾರು ಅಂತಲೂ ನಾವು ನಂಬಿರುತ್ತೇವೆ. ಈ ಎರಡನೇ ನಂಬಿಕೆ ಕೆಲವು ಸಲ ಸುಳ್ಳಾಗುತ್ತದೆ. ಬಿಡದಿಯಿಂದಲೋ, ಶ್ರೀಪೆರಂಬುದೂರಿನಿಂದಲೋ, ದೂರದ ಮಾನೇಸರ್, ಸಾನಂದ್‌ಗಳಿಂದಲೋ ಹೊರಟ ಕಾರು ಟ್ರೇಲರ್ ಹತ್ತುತ್ತದೆ, ಇಳಿಯುತ್ತದೆ, ಊರಾಚೆಯ ಸ್ಟಾಕ್‌ಯಾರ್ಡಿನಲ್ಲಿ ಬಿಸಿಲು ಮಳೆಗೆ ನಿಲ್ಲುತ್ತದೆ. ಅಲ್ಲಿಂದ ಷೋರೂಮಿಗೆ ಯಾರೋ ಓಡಿಸಿಕೊಂಡು ಬರುತ್ತಾರೆ. ಈ ದಾರಿಯಲ್ಲಿ ಎಲ್ಲಾದರೂ ಉಜ್ಜಿದರೆ, ತಗುಲಿದರೆ, ಡೀಲರ್ ತನ್ನದೇ ಬಾಡಿಶಾಪಿಗೆ ಕಳಿಸಿ ಟಿಂಕರಿಂಗ್, ಪೇಂಟಿಂಗ್ ಮಾಡಿಸಿ ಹೊಳಪು ಕೊಟ್ಟು ನಿಲ್ಲಿಸುತ್ತಾನೆ. ಬಾಗಿಲಿಗೆ ಬಣ್ಣ ಹೊಡೆಸಿದ್ದು ಅಪರಾಧವೇನಲ್ಲ. ಅದನ್ನು ನಿಮಗೆ ಹೇಳದೆ ಪೂರ್ತಿ ಬೆಲೆ ತೆಗೆದುಕೊಳ್ಳುವುದು ತಪ್ಪು.

ಭಯಪಡಬೇಡಿ. ಇದನ್ನು ಕಂಡುಹಿಡಿಯಲು ಮೆಕ್ಯಾನಿಕ್ ಆಗಬೇಕಿಲ್ಲ. ಕಣ್ಣು, ಕೈಬೆರಳು, ಒಂದು ಟಾರ್ಚು, ಒಂದು ಗಂಟೆ ಬಿಡುವು ಸಾಕು. ಸೀರೆ ಅಂಗಡಿಯಲ್ಲಿ ಮಡಿಕೆ ಬಿಚ್ಚಿ ಬೆಳಕಿಗೆ ಹಿಡಿದು ನೋಡುವ ನಾವು, ಹತ್ತು ಲಕ್ಷದ ಕಾರನ್ನು ಮಾತ್ರ ಹಾರ ಹಾಕಿ, ನಿಂಬೆಹಣ್ಣಿನ ಮೇಲೆ ಹತ್ತಿಸಿ ತಂದುಬಿಡುತ್ತೇವೆ. ಈ ಸಲ ಹಾಗೆ ಮಾಡುವುದು ಬೇಡ.

ಮೊದಲ ಭಾಗ: ಕಾರು ನೋಡಲು ಹೋಗುವ ಮುಂಚೆ

ಹಂತ 1. ನೋಡುವ ಹಕ್ಕನ್ನು ಬರವಣಿಗೆಯಲ್ಲಿ ಪಡೆಯಿರಿ.
ಬುಕಿಂಗ್ ಹಣ ಕಟ್ಟುವಾಗಲೇ ಸೇಲ್ಸ್ ಎಕ್ಸಿಕ್ಯೂಟಿವ್‌ಗೆ ಒಂದು ಮೇಲ್ ಅಥವಾ ವಾಟ್ಸಾಪ್ ಕಳಿಸಿ: 'ನನಗೆ ಅಲಾಟ್ ಆದ ಕಾರನ್ನು ರಿಜಿಸ್ಟ್ರೇಷನ್‌ಗೆ ಮುಂಚೆ ನಾನೇ ಬಂದು ನೋಡುತ್ತೇನೆ. ಒಪ್ಪಿದ ಮೇಲೆ ಉಳಿದ ಹಣ, ಆಮೇಲೆ ರಿಜಿಸ್ಟ್ರೇಷನ್.' ಅವರು 'ಓಕೆ ಸಾರ್' ಅಂತ ಉತ್ತರಿಸಿದರೂ ಸಾಕು, ಅದು ದಾಖಲೆ.

ಈ ಹಂತಕ್ಕೆ ಇಷ್ಟು ಒತ್ತು ಕೊಡಲು ಕಾರಣವಿದೆ. ಹಣ ಪೂರ್ತಿ ಹೋಗಿ, ಇನ್ಶೂರೆನ್ಸ್ ಆಗಿ, ಲೈಫ್‌ಟೈಮ್ ಟ್ಯಾಕ್ಸ್ ಕಟ್ಟಿ, ಕಾರು ನಿಮ್ಮ ಹೆಸರಿಗೆ ರಿಜಿಸ್ಟರ್ ಆದಮೇಲೆ 'ಬೇರೆ ಕಾರು ಕೊಡಿ' ಅಂದರೆ ಡೀಲರ್ ಕೈಚೆಲ್ಲುತ್ತಾನೆ. ಆಗ ಆ ಕಾರು ಕಾಗದದ ಮೇಲೂ ಸೆಕೆಂಡ್‌ಹ್ಯಾಂಡ್. ರಿಜಿಸ್ಟ್ರೇಷನ್‌ಗೆ ಮುಂಚೆ ಮಾತ್ರ 'ಈ ಕಾರು ಬೇಡ, ಇನ್ನೊಂದು ಕೊಡಿ' ಅನ್ನುವುದು ಸುಲಭ.

ಎಚ್ಚರಿಕೆ: 'ಪೂರ್ತಿ ಪೇಮೆಂಟ್ ಆಗದೆ ಸ್ಟಾಕ್‌ಯಾರ್ಡಿಗೆ ಬಿಡಲ್ಲ ಸಾರ್' ಅನ್ನುವವರಿದ್ದಾರೆ. ಹಾಗಾದರೆ ಕಾರನ್ನು ಷೋರೂಮಿಗೆ ತರಿಸಿ ತೋರಿಸಲು ಹೇಳಿ. ಅದಕ್ಕೂ ಒಪ್ಪದಿದ್ದರೆ ಡೀಲರನ್ನೇ ಬದಲಾಯಿಸಿ. ಅದೇ ಕಾರು ಮಾರುವವರು ಇನ್ನೊಬ್ಬರು ಇದ್ದೇ ಇರುತ್ತಾರೆ.

ಹಂತ 2. ಚಾಸಿ ನಂಬರ್ ಕೇಳಿ ತೆಗೆದುಕೊಳ್ಳಿ.
ಕಾರು ಅಲಾಟ್ ಆದ ಕೂಡಲೇ ಅದರ ಚಾಸಿ ನಂಬರಿನ ಫೋಟೊ ಕಳಿಸಲು ಹೇಳಿ. ಇದನ್ನೇ ವಿಐಎನ್ ಅಂತಲೂ ಕರೆಯುತ್ತಾರೆ. ಒಟ್ಟು 17 ಅಕ್ಷರ, ಅಂಕಿ ಇರುತ್ತವೆ. ಸೊನ್ನೆ, ಒಂದರ ಜೊತೆ ಗೊಂದಲ ಆಗಬಾರದೆಂದು ಅದರಲ್ಲಿ ಇಂಗ್ಲಿಷಿನ ಐ, ಓ, ಕ್ಯೂ ಬಳಸುವುದಿಲ್ಲ. ಕಾರು ತಯಾರಾದ ವರ್ಷವೂ ಅದರೊಳಗೇ ಅಡಗಿರುತ್ತದೆ: ಆರ್ ಅಂದರೆ 2024, ಎಸ್ ಅಂದರೆ 2025, ಟಿ ಅಂದರೆ 2026. ಹಲವು ಕಂಪನಿಗಳಲ್ಲಿ ಇದು 10ನೇ ಅಕ್ಷರ. ಆದರೆ ಎಲ್ಲರದ್ದೂ ಒಂದೇ ಜಾಗದಲ್ಲಿ ಇರುವುದಿಲ್ಲ, ನಿಮ್ಮ ಕಂಪನಿಯ ಲೆಕ್ಕ ಕೇಳಿ ತಿಳಿದುಕೊಳ್ಳಿ.

ಜನವರಿಯಲ್ಲಿ ಕೊಳ್ಳುವ ಕಾರು ಹಿಂದಿನ ನವೆಂಬರಿನದಾದರೆ ಅದು ಮಾಮೂಲು. ಆರೇಳು ತಿಂಗಳು ಹಳೆಯದಾದರೆ 'ಇಷ್ಟು ದಿನ ಯಾಕೆ ಯಾರಿಗೂ ಹೋಗಲಿಲ್ಲ?' ಅಂತ ಕೇಳಲೇಬೇಕು. ಸುಮ್ಮನೆ ನಿಂತ ಕಾರುಗಳಲ್ಲಿ ಒಬ್ಬರು ನೋಡಿ ಬೇಡವೆಂದು ಬಿಟ್ಟವೂ ಇರುತ್ತವೆ.

ಹಂತ 3. ಚೀಲ ಕಟ್ಟಿಕೊಳ್ಳಿ.
ಬೇಕಾಗುವುದು ಇಷ್ಟೇ. ಒಳ್ಳೆ ಬೆಳಕಿನ ಎಲ್ಇಡಿ ಟಾರ್ಚು. ಮೆತ್ತನೆಯ ಮೈಕ್ರೋಫೈಬರ್ ಬಟ್ಟೆ. ಫ್ರಿಜ್ ಮೇಲೆ ಅಂಟಿಸುವ ಚಪ್ಪಟೆ ಮ್ಯಾಗ್ನೆಟ್ಟು. ಪೂರ್ತಿ ಚಾರ್ಜ್ ಆದ ಫೋನು. ಮಂಡಿಯೂರಿ ಕಾರಿನಡಿ ಇಣುಕಲು ಒಂದು ಹಳೇ ಬೆಡ್‌ಶೀಟು. ಜೊತೆಗೆ, ಕಾರಿನ ಮೋಹ ಅಷ್ಟಾಗಿ ಇಲ್ಲದ ಒಬ್ಬ ಸ್ನೇಹಿತ. ನೀವು ಸ್ಕ್ರೀನು, ಸನ್‌ರೂಫು ನೋಡುತ್ತ ಮೈಮರೆತಾಗ ಅವನು ಬಂಪರ್ ನೋಡುತ್ತಿರಲಿ.

ಪೇಂಟ್ ಥಿಕ್‌ನೆಸ್ ಗೇಜ್ ಸಿಕ್ಕರೆ ಇನ್ನೂ ಒಳ್ಳೆಯದು. ಆನ್‌ಲೈನಿನಲ್ಲಿ ಕೆಲವು ಸಾವಿರ ರೂಪಾಯಿಗೆ ಬರುತ್ತದೆ. ಒಂದೇ ದಿನಕ್ಕಾಗಿ ಕೊಳ್ಳುವುದು ದಂಡ ಅನಿಸಿದರೆ ಸೆಕೆಂಡ್‌ಹ್ಯಾಂಡ್ ಕಾರು ವ್ಯವಹಾರದ ಪರಿಚಯಸ್ಥರಿಂದ ಎರವಲು ತನ್ನಿ. ಬೆಂಗಳೂರಿನಂಥ ಊರಲ್ಲಾದರೆ ಹಣ ಕೊಟ್ಟರೆ ಬಂದು ಅಳೆದು ರಿಪೋರ್ಟು ಕೊಡುವವರೂ ಇದ್ದಾರೆ. ಇದಕ್ಕೆ ಪಿಡಿಐ ಅನ್ನುತ್ತಾರೆ, ಅಂದರೆ ಪ್ರೀ ಡೆಲಿವರಿ ಇನ್‌ಸ್ಪೆಕ್ಷನ್. ಡೀಲರ್ ತಾನೂ ಒಂದು ಪಿಡಿಐ ಮಾಡಿರುತ್ತಾನೆ. ಅದು ಅವನ ಪರೀಕ್ಷೆ, ಇದು ನಿಮ್ಮದು.

ಹಂತ 4. ಹಗಲು ಹೊತ್ತನ್ನೇ ಆರಿಸಿ.
ಬೆಳಿಗ್ಗೆ ಹತ್ತರ ಬಿಸಿಲಿಗಿಂತ ಒಳ್ಳೆಯ ಉಪಕರಣ ಇಲ್ಲ. ಷೋರೂಮಿನ ಹಳದಿ ದೀಪದಡಿ ಎಲ್ಲ ಕಾರೂ ಚೆಂದ ಕಾಣುತ್ತವೆ. ಕಾರು ತೊಳೆದು ಒರೆಸಿ ಒಣಗಿರಬೇಕು. ಧೂಳು ಗೀರನ್ನು ಮುಚ್ಚುತ್ತದೆ, ನೀರಿನ ಹನಿ ಬಣ್ಣದ ವ್ಯತ್ಯಾಸವನ್ನೇ ಮುಚ್ಚುತ್ತದೆ.

ಎಚ್ಚರಿಕೆ: ಆಯುಧಪೂಜೆ, ದೀಪಾವಳಿ ಸಮಯದಲ್ಲಿ ಇವತ್ತೇ ನೋಡಿ ಇವತ್ತೇ ಒಯ್ಯುವ ಯೋಜನೆ ಹಾಕಬೇಡಿ. ಹೊರಗೆ ಮನೆಮಂದಿ ಹೂವಿನ ಹಾರ ಹಿಡಿದು ಕಾಯುತ್ತಿರುವಾಗ, ರಾಹುಕಾಲಕ್ಕೆ ಹದಿನೈದು ನಿಮಿಷ ಇರುವಾಗ, ಯಾರೂ ಬಾಗಿಲಿನ ಬೋಲ್ಟು ನೋಡುತ್ತ ಕೂರುವುದಿಲ್ಲ. ಇದು ಸೇಲ್ಸಿನವರಿಗೆ ಚೆನ್ನಾಗಿ ಗೊತ್ತು. ನೋಡುವ ದಿನ ಬೇರೆ, ಪೂಜೆಯ ದಿನ ಬೇರೆ ಇರಲಿ.

ಎರಡನೇ ಭಾಗ: ಕಾರಿನ ಮುಂದೆ ನಿಂತಾಗ

ಹಂತ 5. ನಂಬರ್ ತಾಳೆ ನೋಡಿ.
ಫೋಟೊದಲ್ಲಿ ಬಂದ ಚಾಸಿ ನಂಬರ್ ಈ ಕಾರಿನದ್ದೇನಾ? ಲೋಹದ ಮೇಲೆ ಕೊರೆದ ನಂಬರ್ ಎಲ್ಲಿದೆ ತೋರಿಸಲು ಹೇಳಿ. ಕೆಲವು ಕಾರಿನಲ್ಲಿ ಬಾನೆಟ್ ಒಳಗೆ, ಕೆಲವದರಲ್ಲಿ ಮುಂದಿನ ಸೀಟಿನ ಬಳಿ ಇರುತ್ತದೆ. 17 ಅಕ್ಷರವನ್ನೂ ಒಂದೊಂದಾಗಿ ಓದಿ ತಾಳೆ ಹಾಕಿ, ಫೋಟೊ ತೆಗೆಯಿರಿ. ನೀವು ನೋಡಿದ ಕಾರೇ ನಿಮಗೆ ಬರಬೇಕು. ಡೆಲಿವರಿ ದಿನವೂ ಇದನ್ನು ಇನ್ನೊಮ್ಮೆ ಮಾಡಿ.

ಹಂತ 6. ಮೀಟರ್ ನೋಡಿ.
ಸ್ಟಾಕ್‌ಯಾರ್ಡಿನಿಂದ ಓಡಿಸಿ ತಂದದ್ದಕ್ಕೆ ಒಂದಿಷ್ಟು ಕಿಲೋಮೀಟರ್ ಆಗಿರುತ್ತದೆ. 20, 30 ಇದ್ದರೆ ತಲೆ ಕೆಡಿಸಿಕೊಳ್ಳಬೇಡಿ. ನೂರು ದಾಟಿದ್ದರೆ ಕಾರಣ ಕೇಳಿ, ಉತ್ತರವನ್ನು ಬರವಣಿಗೆಯಲ್ಲಿ ಪಡೆಯಿರಿ. ಟೆಸ್ಟ್‌ಡ್ರೈವ್‌ಗೆ ಬಳಸಿದ ಕಾರು ಹೊಸದಲ್ಲ.

ಹಂತ 7. ದೂರ ನಿಂತು ಬಣ್ಣ ನೋಡಿ.
ಹತ್ತು ಹೆಜ್ಜೆ ಹಿಂದಕ್ಕೆ ಹೋಗಿ. ಕಾರಿನ ಸುತ್ತ ಒಂದು ಸುತ್ತು ನಿಧಾನವಾಗಿ ಬನ್ನಿ. ಬಾಗಿಲು, ಫೆಂಡರ್, ಬಾನೆಟ್ ಎಲ್ಲ ಒಂದೇ ಬಣ್ಣವಾಗಿ ಕಾಣುತ್ತಿವೆಯೇ? ಬೆಳ್ಳಿ, ಬೂದು, ಮೆಟಾಲಿಕ್ ಬಣ್ಣಗಳಲ್ಲಿ ರಿಪೇರಿ ಬೇಗ ಬಯಲಾಗುತ್ತದೆ, ಏಕೆಂದರೆ ಅವುಗಳೊಳಗಿನ ಮಿನುಗು ಸ್ಪ್ರೇ ಗನ್ ಹಿಡಿದವನ ಕೈಯ ಮೇಲೆ ನಿಂತಿದೆ. ಬಿಳಿ ಕಾರಿನಲ್ಲಿ ಕಷ್ಟ, ಹೆಚ್ಚು ಹೊತ್ತು ಕೊಡಿ.

ಸಣ್ಣ ವಿಷಯ: ಬಂಪರ್ ಪ್ಲಾಸ್ಟಿಕ್ಕು, ಬಾಗಿಲು ಲೋಹ. ಎರಡರ ಬಣ್ಣದಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ ಕಾರ್ಖಾನೆಯಿಂದಲೇ ಬಂದಿರಬಹುದು. ಅದಕ್ಕೆ ಜಗಳ ಬೇಡ. ಲೋಹದ ಪಕ್ಕದಲ್ಲಿ ಲೋಹವನ್ನು ಹೋಲಿಸಿ.

ಹಂತ 8. ಓರೆಯಾಗಿ ನೋಡಿ.
ಈಗ ಹತ್ತಿರ ಬಂದು, ಹಿಂದಿನ ದೀಪದ ಪಕ್ಕ ಕೆನ್ನೆ ತಾಗುವಷ್ಟು ಬಗ್ಗಿ, ಕಾರಿನ ಉದ್ದಕ್ಕೂ ಕಣ್ಣು ಹಾಯಿಸಿ. ಎದುರಿನ ಕಂಬ, ಕಿಟಕಿ, ಟ್ಯೂಬ್‌ಲೈಟ್ ಯಾವುದರ ಪ್ರತಿಬಿಂಬ ಸಿಕ್ಕರೂ ಸರಿ. ಅದು ನೇರವಾಗಿ ಹರಿದರೆ ಲೋಹ ಸಮವಾಗಿದೆ. ಒಂದು ಕಡೆ ಅಲುಗಿದಂತೆ, ಮುರಿದಂತೆ ಕಂಡರೆ ಅಲ್ಲಿ ತಗ್ಗಿತ್ತು, ಯಾರೋ ಎತ್ತಿದ್ದಾರೆ. ಆ ಜಾಗವನ್ನು ಗುರುತಿಟ್ಟುಕೊಳ್ಳಿ, ಇನ್ನೂ ಏನೂ ಹೇಳಬೇಡಿ.

ಬಣ್ಣದ ಮೈ ಕೂಡ ನೋಡಿ. ಕಿತ್ತಳೆ ಸಿಪ್ಪೆಯಂಥ ತೀರ ಸಣ್ಣ ತರಿ ಕಾರ್ಖಾನೆಯ ಬಣ್ಣದಲ್ಲೂ ಇರುತ್ತದೆ. ಆದರೆ ಇಡೀ ಕಾರಿನಲ್ಲಿ ಒಂದೇ ಬಗೆ ಇರುತ್ತದೆ. ಒಂದು ಬಾಗಿಲಿನಲ್ಲಿ ಮಾತ್ರ ತರಿ ಹೆಚ್ಚಿದ್ದರೆ, ಅಥವಾ ಅದೊಂದೇ ಕನ್ನಡಿಯ ಹಾಗೆ ನುಣುಪಾಗಿದ್ದರೆ, ಅಥವಾ ಬಣ್ಣದೊಳಗೆ ಧೂಳಿನ ಕಣ ಸಿಕ್ಕಿಕೊಂಡಿದ್ದರೆ ಆ ಬಾಗಿಲಿಗೆ ಬೇರೆ ಕಡೆ ಬಣ್ಣ ಹೊಡೆದಿದ್ದಾರೆ.

ಹಂತ 9. ಸಂದುಗಳಿಗೆ ಬೆರಳು ಹಾಕಿ.
ಬಾಗಿಲಿಗೂ ಫೆಂಡರಿಗೂ ನಡುವೆ, ಬಾನೆಟ್ಟಿಗೂ ಹೆಡ್‌ಲೈಟಿಗೂ ನಡುವೆ, ಡಿಕ್ಕಿಯ ಎರಡು ಬದಿಗೆ ಇರುವ ಸಂದನ್ನು ನೋಡಿ. ಎಡ ಬಲ ಹೋಲಿಸಿದರೆ ಸಾಕು, ಅಳತೆಪಟ್ಟಿ ಬೇಡ. ಎಡಗಡೆ ಬೆರಳಿನ ತುದಿ ಹೋಗಿ ಬಲಗಡೆ ಹೋಗದಿದ್ದರೆ ಬರೆದುಕೊಳ್ಳಿ.

ಹಂತ 10. ಬೋಲ್ಟುಗಳ ತಲೆ ನೋಡಿ.
ಇಡೀ ಪರೀಕ್ಷೆಯಲ್ಲಿ ನಾನು ಹೆಚ್ಚು ನಂಬುವುದು ಈ ಹಂತವನ್ನು. ಹೊರಗಿನ ಬಣ್ಣವನ್ನು ಒಳ್ಳೆ ಪೇಂಟರ್ ಯಾರಿಗೂ ಗೊತ್ತಾಗದ ಹಾಗೆ ಹೊಡೆಯಬಲ್ಲ. ಆದರೆ ಫೆಂಡರ್ ಬಿಚ್ಚಲು ಪಾನಾ ಹಾಕಲೇಬೇಕು, ಪಾನಾ ಹಾಕಿದರೆ ಗುರುತು ಬೀಳುತ್ತದೆ.

ಬಾನೆಟ್ ಎತ್ತಿ. ಎರಡೂ ಬದಿಯಲ್ಲಿ ಫೆಂಡರನ್ನು ಹಿಡಿದ ಬೋಲ್ಟುಗಳು ಸಾಲಾಗಿ ಕಾಣುತ್ತವೆ. ಬಾನೆಟ್ ಹಿಂಜ್ ಹತ್ತಿರವೂ ಇವೆ. ಬಾಗಿಲು ಪೂರ್ತಿ ತೆರೆದು ಹಿಂಜ್ ನೋಡಿ. ಡಿಕ್ಕಿ ಎತ್ತಿ ಅಲ್ಲೂ ನೋಡಿ. ಬೋಲ್ಟಿನ ಮೇಲಿನ ಬಣ್ಣ ಮೂಲೆಗಳಲ್ಲಿ ಕಿತ್ತಿದೆಯೇ? ಬೋಲ್ಟಿನ ಸುತ್ತ ಬಣ್ಣದ ಗೆರೆ ಒಡೆದಿದೆಯೇ? ಅಥವಾ ಉಳಿದದ್ದೆಲ್ಲ ಬಣ್ಣದ ಬೋಲ್ಟು, ಇದೊಂದೇ ಬೆಳ್ಳಗೆ ಹೊಳೆಯುತ್ತಿದೆಯೇ? ಕಾರ್ಖಾನೆಯಲ್ಲೇ ಬಾಗಿಲು ಹೊಂದಿಸಲು ಒಂದೆರಡನ್ನು ತಿರುಗಿಸಿರಬಹುದು. ಹಾಗಾಗಿ ಒಂದು ಬೋಲ್ಟು ಸಾಕ್ಷಿಯಲ್ಲ. ಹಂತ 8ರಲ್ಲಿ ಅನುಮಾನ ಬಂದ ಬಾಗಿಲಿನ ಬೋಲ್ಟೇ ಕಿತ್ತಿದ್ದರೆ ಅದು ಸಾಕ್ಷಿ.

ಹಂತ 11. ರಬ್ಬರ್ ಬೀಡಿಂಗ್ ಸರಿಸಿ ನೋಡಿ.
ಬಾಗಿಲಿನ ಚೌಕಟ್ಟಿನ ರಬ್ಬರನ್ನು ಬೆರಳಿನಿಂದ ಮೆಲ್ಲಗೆ ಮಡಚಿ. ಅದರ ಮೇಲೆ ಕಾರಿನ ಬಣ್ಣದ ಹೊಗೆ ಕೂತಿದೆಯೇ? ರಬ್ಬರಿನಡಿ ಬಣ್ಣ ನಿಂತುಹೋದ ಗೆರೆ ಇದೆಯೇ? ಪೇಂಟಿಂಗ್ ಮಾಡುವಾಗ ಪೇಪರ್, ಟೇಪ್ ಅಂಟಿಸಿದ ಅಂಚು ಅಲ್ಲೇ ಉಳಿಯುತ್ತದೆ. ಪ್ಲಾಸ್ಟಿಕ್ ಹಿಡಿ, ದೀಪದ ಅಂಚು, ಚಕ್ರದ ಮೇಲಿನ ಕಪ್ಪು ಪ್ಲಾಸ್ಟಿಕ್ಕು, ಎಲ್ಲ ಕಡೆಯೂ ಟಾರ್ಚ್ ಬಿಡಿ. ಬಾಗಿಲಿನ ಒಳ ಅಂಚಿನಲ್ಲಿ ಉದ್ದಕ್ಕೂ ಮೇಣದಂಥ ಸೀಲೆಂಟ್ ಗೆರೆ ಇರುತ್ತದೆ. ನಾಲ್ಕು ಬಾಗಿಲಿಗೂ ಒಂದೇ ರೀತಿ ಇರಬೇಕು. ಒಂದರಲ್ಲಿ ಕೈಯಿಂದ ಬಳಿದ ಹಾಗಿದ್ದರೆ ಆ ಬಾಗಿಲಿನ ಕಥೆಯೇ ಬೇರೆ.

ಹಂತ 12. ಮ್ಯಾಗ್ನೆಟ್ ಅಥವಾ ಗೇಜ್ ಇಡಿ.
ಮ್ಯಾಗ್ನೆಟ್ಟಿಗೆ ಬಟ್ಟೆ ಸುತ್ತಿ, ಇಲ್ಲದಿದ್ದರೆ ನೀವೇ ಗೀರು ಮಾಡಿದಂತಾಗುತ್ತದೆ. ಬಾಗಿಲು, ಫೆಂಡರ್ ಮೇಲೆ ಅಲ್ಲಲ್ಲಿ ಇಟ್ಟು ಎಳೆದು ನೋಡಿ. ಒಂದು ಕಡೆ ಹಿಡಿತ ಸಡಿಲವಾದರೆ ಬಣ್ಣದಡಿ ಪುಟ್ಟಿ ತುಂಬಿದೆ. ಮತ್ತೆ ಹೊಡೆದ ತೆಳು ಬಣ್ಣವನ್ನು ಮ್ಯಾಗ್ನೆಟ್ ಪತ್ತೆ ಮಾಡುವುದಿಲ್ಲ, ದಪ್ಪ ಪುಟ್ಟಿಯನ್ನಷ್ಟೇ ಪತ್ತೆ ಮಾಡುತ್ತದೆ.

ಗೇಜ್ ಇದ್ದರೆ ಲೆಕ್ಕ ಸಿಗುತ್ತದೆ. ಅದು ಬಣ್ಣದ ದಪ್ಪವನ್ನು ಮೈಕ್ರಾನ್‌ನಲ್ಲಿ ತೋರಿಸುತ್ತದೆ. ಒಂದು ಮಿಲಿಮೀಟರಿಗೆ ಸಾವಿರ ಮೈಕ್ರಾನ್. ಕಾರ್ಖಾನೆಯ ಬಣ್ಣ ಸಾಮಾನ್ಯವಾಗಿ 100ರ ಆಸುಪಾಸಿನಿಂದ 150ರವರೆಗೆ ಇರುತ್ತದೆ. ಮೇಲೆ ಇನ್ನೊಮ್ಮೆ ಬಣ್ಣ ಹೊಡೆದರೆ 200, 300. ಪುಟ್ಟಿ ಹಾಕಿದ್ದರೆ 500 ದಾಟಿ ಸಾವಿರಕ್ಕೂ ಹೋಗಬಹುದು. ಒಂದೊಂದು ಬಾಗಿಲಿಗೆ ಐದಾರು ಕಡೆ ಅಳೆದು ಕಾಗದದಲ್ಲಿ ಬರೆದುಕೊಳ್ಳಿ. ಛಾವಣಿಯಿಂದ ಶುರು ಮಾಡಿ, ಅಲ್ಲಿ ಪೆಟ್ಟು ಬೀಳುವುದು ಅಪರೂಪ. ಅಲ್ಲಿ 120 ಬಂದು ಎಡ ಹಿಂಬಾಗಿಲಿನಲ್ಲಿ 280 ಬಂದರೆ ಉತ್ತರ ಡೀಲರ್ ಕೊಡಬೇಕು.

ಎಚ್ಚರಿಕೆ: ಪ್ಲಾಸ್ಟಿಕ್ ಬಂಪರಿನ ಮೇಲೆ ಈ ಗೇಜ್ ಕೆಲಸ ಮಾಡುವುದಿಲ್ಲ. ಬಾನೆಟ್ ಅಲ್ಯೂಮಿನಿಯಂ ಆಗಿದ್ದರೆ ಮ್ಯಾಗ್ನೆಟ್ ಅಂಟುವುದೇ ಇಲ್ಲ, ಗೇಜ್ ಕೂಡ ಎರಡೂ ಲೋಹ ಓದುವಂಥದ್ದಾಗಿರಬೇಕು. 'ಪುಟ್ಟಿ ಸಿಕ್ಕಿತು!' ಅಂತ ಕೂಗುವ ಮುಂಚೆ ಇದನ್ನು ನೆನಪಿಡಿ.

ಹಂತ 13. ಗಾಜಿನ ಮೂಲೆ ಓದಿ.
ಪ್ರತಿ ಗಾಜಿನ ಮೂಲೆಯಲ್ಲಿ ತಯಾರಕರ ಗುರುತು, ಅದರ ಜೊತೆ ಚುಕ್ಕೆ, ಅಂಕಿಗಳ ಸಂಕೇತ ಇರುತ್ತವೆ. ಎಲ್ಲ ಕಿಟಕಿಯಲ್ಲೂ ಒಂದೇ ಕಂಪನಿ, ಹೆಚ್ಚುಕಮ್ಮಿ ಒಂದೇ ಕಾಲ ಇರಬೇಕು. ಒಂದೇ ಒಂದು ಬೇರೆಯಾಗಿದ್ದರೆ ಯಾಕೆಂದು ಕೇಳಿ.

ಹಂತ 14. ಟೈರಿನ ನಾಲ್ಕು ಅಂಕಿ ಓದಿ.
ಟೈರಿನ ಬದಿಯಲ್ಲಿ ಡಾಟ್ (DOT) ಸಂಕೇತದ ಕೊನೆಗೆ ನಾಲ್ಕು ಅಂಕಿ ಇರುತ್ತವೆ. 2325 ಅಂದರೆ 2025ರ 23ನೇ ವಾರ. ಸ್ಟೆಪ್ನಿ ಸೇರಿ ಐದನ್ನೂ ನೋಡಿ. ಕೆಲವು ವಾರಗಳ ವ್ಯತ್ಯಾಸ ಸಹಜ. ಕಾರು ತಯಾರಾದ ಮೇಲಿನ ತಾರೀಖಿನ ಟೈರ್ ಸಿಕ್ಕರೆ ಮಾತ್ರ ಅದನ್ನು ಆಮೇಲೆ ಬದಲಾಯಿಸಿದ್ದಾರೆ. ರಿಮ್ಮಿನ ಅಂಚಿನ ಗೀರನ್ನೂ ನೋಡಿ.

ಹಂತ 15. ಅಡಿ ನೋಡಿ, ಒಳಗೆ ಮೂಸಿ.
ಬೆಡ್‌ಶೀಟ್ ಹಾಸಿ, ಟಾರ್ಚ್ ಹಿಡಿದು ಕಾರಿನಡಿ ನೋಡಿ. ಬಾಗಿದ ತಗಡು, ಎಣ್ಣೆ, ಹೊಸದಾಗಿ ಬಳಿದ ಕಪ್ಪು ಬಣ್ಣ ಇದೆಯೇ? ಸೈಲೆನ್ಸರಿನ ಮೇಲೆ ಸ್ವಲ್ಪ ತುಕ್ಕು ಹೊಸ ಕಾರಿನಲ್ಲೂ ಇರುತ್ತದೆ, ಹೆದರಬೇಡಿ.

ಆಮೇಲೆ ಒಳಗೆ. 2015ರ ಡಿಸೆಂಬರಿನಲ್ಲಿ ಚೆನ್ನೈಯಲ್ಲಿ, 2018ರ ಆಗಸ್ಟಿನಲ್ಲಿ ಕೇರಳದಲ್ಲಿ ನೆರೆ ಬಂದಾಗ ಲೆಕ್ಕವಿಲ್ಲದಷ್ಟು ವಾಹನಗಳು ಮುಳುಗಿದವು. ನಿಂತಲ್ಲೇ ನೀರು ಕುಡಿದ ಕಾರಿಗೆ ಹೊರಗೆ ಒಂದು ಗೀರೂ ಇರುವುದಿಲ್ಲ. ಸೀಟ್‌ಬೆಲ್ಟನ್ನು ಕೊನೆಯವರೆಗೂ ಎಳೆಯಿರಿ, ಕೊನೆಯ ಒಂದು ಗೇಣಿನಲ್ಲಿ ನೀರಿನ ಕಲೆ ಉಳಿದಿರುತ್ತದೆ. ಸೀಟಿನ ಕೆಳಗಿನ ಬೋಲ್ಟಿನಲ್ಲಿ ತುಕ್ಕು, ಸ್ಟೆಪ್ನಿ ಇಡುವ ಗುಂಡಿಯಲ್ಲಿ ಕೆಸರಿನ ಪುಡಿ, ಕಾರ್ಪೆಟ್ಟಿನಡಿ ಮುಗ್ಗಲು ವಾಸನೆ ನೋಡಿ. ಕಾರಿನ ತುಂಬ ಪರ್ಫ್ಯೂಮ್ ಹೊಡೆದಿದ್ದರೆ ಕಿಟಕಿ ಇಳಿಸಿ ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಮೂಸಿ. ನೀರು ಹೊಕ್ಕ ಗುರುತು ಏನೇ ಸಿಕ್ಕರೂ ರಿಯಾಯಿತಿ ಮಾತಾಡಬೇಡಿ, ಆ ಕಾರನ್ನು ಬಿಟ್ಟು ಬನ್ನಿ. ಬಣ್ಣ ಹೊಡೆದ ಬಾಗಿಲಿನ ಜೊತೆ ಬದುಕಬಹುದು, ನೀರು ಕುಡಿದ ವೈರಿಂಗ್ ಜೊತೆ ಆಗುವುದಿಲ್ಲ.

ಹಂತ 16. ಸಿಕ್ಕಿದ್ದನ್ನು ಬರೆದು ಕೊಡಿ, ಆಮೇಲೆ ಮಾತಾಡಿ.
ಈಗ ಸೇಲ್ಸಿನವರನ್ನು ಕರೆಯಿರಿ. ನೀವು ಕೇಳುವ ಉತ್ತರಗಳು ಬಹುತೇಕ ಹೀಗಿರುತ್ತವೆ: 'ಕಂಪನಿ ಪೇಂಟೇ ಸಾರ್ ಅದು.' 'ಟೆಫ್ಲಾನ್ ಕೋಟಿಂಗ್ ಫ್ರೀಯಾಗಿ ಹಾಕಿಸಿಕೊಡ್ತೀವಿ ಮೇಡಂ, ಏನೂ ಕಾಣಲ್ಲ.' ಕೂಗಾಡಬೇಡಿ. ಒಂದೇ ಮಾತು ಹೇಳಿ: 'ಈ ಚಾಸಿ ನಂಬರಿಗೆ ಯಾವ ಬಾಡಿ ರಿಪೇರಿಯೂ ಆಗಿಲ್ಲ ಅಂತ ಲೆಟರ್‌ಹೆಡ್ಡಿನಲ್ಲಿ ಬರೆದು ಸೀಲ್ ಹಾಕಿಕೊಡಿ.' ಕೋಟಿಂಗ್ ಕೊಡುವಾಗ ಇದ್ದ ಉದಾರತೆ ಈ ಕಾಗದ ಕೊಡುವಾಗ ಎಷ್ಟು ಉಳಿಯುತ್ತದೆ ನೋಡಿ.

ಕೊಡಲು ಹಿಂಜರಿದರೆ ನಿಮ್ಮ ಮುಂದೆ ಎರಡು ದಾರಿ. ಬೇರೆ ಚಾಸಿ ನಂಬರಿನ ಕಾರು ಕೇಳುವುದು. ಇಲ್ಲವೇ, ಗೀರು ಚಿಕ್ಕದಾಗಿದ್ದು ನಿಮಗೆ ಒಪ್ಪಿಗೆಯಿದ್ದರೆ, ಏನು ರಿಪೇರಿ ಆಗಿದೆ, ಅದಕ್ಕೆ ಎಷ್ಟು ಹಣ ಕಡಿಮೆ ಮಾಡಿದ್ದಾರೆ ಎಂದು ಬರೆಸಿ ಕೊಳ್ಳುವುದು. ಬ್ಯಾಂಕಿನ ಲೋನ್ ಹಣ ಆಗಲೇ ಡೀಲರ್ ಖಾತೆಗೆ ಬಿದ್ದಿದ್ದರೂ ಬೇರೆ ಕಾರು ಕೇಳಬಹುದು, ಬ್ಯಾಂಕಿಗೆ ಒಂದು ಮೇಲ್ ಹಾಕಿ ತಿಳಿಸಿ.

ಎಚ್ಚರಿಕೆ: 'ಕಾರನ್ನು ಸುಸ್ಥಿತಿಯಲ್ಲಿ ಪಡೆದಿದ್ದೇನೆ' ಎಂಬ ಡೆಲಿವರಿ ನೋಟಿಗೆ ಫೋಟೊ ಗಲಾಟೆಯ ನಡುವೆ ಸಹಿ ಕೇಳುತ್ತಾರೆ. ಮುಂದೆ ಅದನ್ನೇ ನಿಮ್ಮ ವಿರುದ್ಧ ತೋರಿಸುತ್ತಾರೆ. ಏನಾದರೂ ಕೊರತೆ ಇದ್ದರೆ ಸಹಿಯ ಪಕ್ಕದಲ್ಲೇ ಪೆನ್ನಿನಲ್ಲಿ ಬರೆಯಿರಿ. ಫಾರಂ 21 ಎಂಬ ಮಾರಾಟ ಪತ್ರದಲ್ಲಿ ಕಾರು ತಯಾರಾದ ತಿಂಗಳು, ವರ್ಷ ಇರುತ್ತದೆ, ಅದನ್ನೂ ಓದಿ.

ಮೂರನೇ ಭಾಗ: ಮನೆಗೆ ತಂದಮೇಲೆ ಗೊತ್ತಾದರೆ

ಇಷ್ಟೆಲ್ಲ ನೋಡಿಯೂ, ಅಥವಾ ನೋಡದೆ, ತಿಂಗಳುಗಳ ನಂತರ ಗೊತ್ತಾಗುವುದುಂಟು. ಅದಕ್ಕೆ ನಿಮ್ಮನ್ನು ನೀವೇ ಬೈದುಕೊಳ್ಳಬೇಡಿ. ಅಮೆರಿಕದ ಅಲಬಾಮದಲ್ಲಿ ಇರಾ ಗೋರ್ ಎಂಬ ವೈದ್ಯರು 1990ರಲ್ಲಿ ನಲವತ್ತು ಸಾವಿರ ಡಾಲರಿಗೂ ಹೆಚ್ಚು ಕೊಟ್ಟು ಹೊಸ ಬಿಎಂಡಬ್ಲ್ಯು ಕೊಂಡರು. ಒಂಬತ್ತು ತಿಂಗಳು ಓಡಿಸಿದರೂ ಏನೂ ಕಾಣಲಿಲ್ಲ. ಇನ್ನಷ್ಟು ಹೊಳಪು ಕೊಡಿಸಲು ಒಂದು ಅಂಗಡಿಗೆ ಒಯ್ದಾಗ ಅಲ್ಲಿಯವನು ಹೇಳಿದ: ಇದಕ್ಕೆ ಮತ್ತೆ ಬಣ್ಣ ಹೊಡೆದಿದ್ದಾರೆ. ಕೋರ್ಟಿನಲ್ಲಿ ಕಂಪನಿ ತನ್ನ ನೀತಿಯನ್ನು ತಾನೇ ಒಪ್ಪಿಕೊಂಡಿತು. ರಿಪೇರಿ ಖರ್ಚು ಕಾರಿನ ಬೆಲೆಯ ಶೇ 3 ದಾಟದಿದ್ದರೆ ಡೀಲರಿಗೂ ಹೇಳದೆ ಹೊಸದೆಂದೇ ಮಾರುವುದು. ಗೋರ್ ಅವರ ಕಾರಿಗೆ ಆಗಿದ್ದ ಖರ್ಚು ಸುಮಾರು 600 ಡಾಲರ್. ಜ್ಯೂರಿ 4,000 ಡಾಲರ್ ನಷ್ಟಪರಿಹಾರ, ಅದರ ಮೇಲೆ 40 ಲಕ್ಷ ಡಾಲರ್ ದಂಡ ಹಾಕಿತು. ರಾಜ್ಯದ ಸುಪ್ರೀಂ ಕೋರ್ಟ್ ದಂಡವನ್ನು 20 ಲಕ್ಷಕ್ಕೆ ಇಳಿಸಿತು, 1996ರಲ್ಲಿ ದೇಶದ ಸುಪ್ರೀಂ ಕೋರ್ಟ್ ಅದೂ ವಿಪರೀತ ಎಂದಿತು, ಕೊನೆಗೆ 50,000ಕ್ಕೆ ನಿಂತಿತು. ನಮ್ಮಲ್ಲಿ ಅಂಥ ದಂಡದ ಆಸೆ ಇಟ್ಟುಕೊಳ್ಳಬೇಡಿ. ಆದರೆ ದಾರಿ ಇದೆ.

ಹಂತ 17. ಕಾರನ್ನು ಮುಟ್ಟಿಸಬೇಡಿ.
ಡೀಲರ್ 'ತಂದು ಬಿಡಿ ಸಾರ್, ಸರಿ ಮಾಡಿಕೊಡ್ತೀವಿ' ಅನ್ನುತ್ತಾನೆ. ಬಿಟ್ಟರೆ ಸಾಕ್ಷಿಯೂ ಸರಿಯಾಗಿ ಹೋಗುತ್ತದೆ. ಪಾಲಿಷ್, ಕೋಟಿಂಗ್ ಯಾವುದೂ ಬೇಡ. ಮೊದಲು ಫೋಟೊ, ವಿಡಿಯೊ ತೆಗೆಯಿರಿ. ಚಾಸಿ ನಂಬರ್, ಮೀಟರ್, ಗಾಯ ಮೂರೂ ಒಂದೇ ವಿಡಿಯೊದಲ್ಲಿ ಬರಲಿ.

ಹಂತ 18. ಬೇರೆ ವರ್ಕ್‌ಶಾಪಿನಿಂದ ರಿಪೋರ್ಟ್ ತೆಗೆದುಕೊಳ್ಳಿ.
ಅದೇ ಕಂಪನಿಯ, ಆದರೆ ಬೇರೆ ಡೀಲರಿನ ವರ್ಕ್‌ಶಾಪಿಗೆ ಹೋಗಿ. ಈ ಚಾಸಿ ನಂಬರಿನ ಸರ್ವೀಸ್ ಹಿಸ್ಟರಿ ತೋರಿಸಲು ಸರ್ವೀಸ್ ಅಡ್ವೈಸರನ್ನು ಕೇಳಿ. ನಿಮಗೆ ಮಾರುವ ಮುಂಚಿನ ತಾರೀಖಿನ ಜಾಬ್‌ಕಾರ್ಡ್ ಇದ್ದರೆ ನಿಮ್ಮ ಕೆಲಸ ಅರ್ಧ ಮುಗಿಯಿತು. ಇಲ್ಲದಿದ್ದರೂ ಬಣ್ಣದ ದಪ್ಪ ಅಳೆಸಿ, ಬರೆಸಿ, ಸಹಿ ಹಾಕಿಸಿಕೊಳ್ಳಿ. ಅವರು ಒಲ್ಲೆ ಅಂದರೆ ಲೈಸೆನ್ಸ್ ಇರುವ ಇನ್ಶೂರೆನ್ಸ್ ಸರ್ವೇಯರ್ ಒಬ್ಬರಿಂದ ಮಾಡಿಸಿ.

ಹಂತ 19. ಮೇಲ್ ಕಳಿಸಿ.
ಫೋನಿನಲ್ಲಿ ಆಡಿದ ಮಾತು ಗಾಳಿಗೆ ಹೋಗುತ್ತದೆ. ಡೀಲರಿಗೂ ಕಂಪನಿಯ ಕಸ್ಟಮರ್ ಕೇರಿಗೂ ಒಂದೇ ಮೇಲ್ ಹಾಕಿ. ಕೊಂಡ ತಾರೀಖು, ಚಾಸಿ ನಂಬರ್, ಏನು ಸಿಕ್ಕಿತು, ಯಾರು ಪರೀಕ್ಷಿಸಿದರು, ನಿಮಗೆ ಏನು ಬೇಕು, ಎಷ್ಟು ದಿನದೊಳಗೆ ಬೇಕು ಎಂದು ಬರೆಯಿರಿ. ಬೈಗುಳ ಬೇಡ. ಈ ಮೇಲನ್ನು ಮುಂದೆ ಒಬ್ಬರು ನ್ಯಾಯಾಧೀಶರು ಓದಬಹುದು ಎಂದುಕೊಂಡೇ ಬರೆಯಿರಿ.

ಹಂತ 20. 1915ಕ್ಕೆ ಕರೆ ಮಾಡಿ.
ಇದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಕನ್ನಡದಲ್ಲೂ ಮಾತಾಡಬಹುದು. ಅವರು ದೂರನ್ನು ಕಂಪನಿಗೆ ದಾಟಿಸುತ್ತಾರೆ. ಆದೇಶ ಕೊಡುವ ಅಧಿಕಾರ ಇಲ್ಲ, ಆದರೂ ಹಲವು ಕಂಪನಿಗಳು ಇಲ್ಲೇ ರಾಜಿಗೆ ಬರುತ್ತವೆ. ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ.

ಹಂತ 21. ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಿ.
ಕೋರ್ಟು ಅಂದಕೂಡಲೇ ಎದೆ ಡವಡವ ಅನ್ನುವುದು ಸಹಜ, ಭಯಪಡಬೇಡಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ನಿಮ್ಮ ಪರವಾಗಿಯೇ ಬರೆದದ್ದು. ದುರಸ್ತಿ ಮಾಡಿದ, ಬಳಸಿದ, ಹಳೆಯ ವಸ್ತುವನ್ನು ಹೊಸದೆಂದು ಸುಳ್ಳು ಹೇಳಿ ಮಾರುವುದನ್ನು ಅದು ನೇರವಾಗಿ ಅನುಚಿತ ವ್ಯಾಪಾರ ಪದ್ಧತಿ ಎಂದು ಹೆಸರಿಸಿದೆ. ಕೊಟ್ಟ ಬೆಲೆ 50 ಲಕ್ಷದವರೆಗೆ ಇದ್ದರೆ ಜಿಲ್ಲಾ ಆಯೋಗ ಸಾಕು. ಕಾರನ್ನು ಬೆಂಗಳೂರಿನಲ್ಲಿ ಕೊಂಡು ನೀವು ಹಾವೇರಿಯಲ್ಲಿ ವಾಸವಿದ್ದರೆ ಹಾವೇರಿಯಲ್ಲೇ ದೂರು ಕೊಡಬಹುದು. ಶುಲ್ಕ 5 ಲಕ್ಷದವರೆಗೆ ಇಲ್ಲ, 10 ಲಕ್ಷದವರೆಗೆ 200 ರೂ., 20 ಲಕ್ಷದವರೆಗೆ 400 ರೂ., 50 ಲಕ್ಷದವರೆಗೆ 1,000 ರೂ. ವಕೀಲರಿಲ್ಲದೆ ನೀವೇ ವಾದಿಸಬಹುದು, ಆನ್‌ಲೈನಿನಲ್ಲೂ ಸಲ್ಲಿಸಬಹುದು. ಟ್ಯಾಕ್ಸಿಗೆಂದು ಕೊಂಡಿದ್ದರೂ, ಹೊಟ್ಟೆಪಾಡಿಗಾಗಿ ನೀವೇ ಓಡಿಸುವವರಾದರೆ ನೀವು ಗ್ರಾಹಕರೇ.

ಯಾರನ್ನು ಎದುರುದಾರರನ್ನಾಗಿ ಮಾಡಬೇಕು ಎಂಬಲ್ಲಿ ಹೊಸಬರು ಎಡವುತ್ತಾರೆ. ಪಕ್ಕದ ಗೋವಾದ ಪ್ರಕರಣ ನೋಡಿ. 2011ರ ಹೊಸ ಕಾರು ಕೇಳಿದ ಗ್ರಾಹಕರಿಗೆ ಸಿಕ್ಕಿದ್ದು 2009ರ ಕಾರು. ಮೀಟರಿನಲ್ಲಿ 622 ಕಿ.ಮೀ., ಅಡಿಯಲ್ಲಿ ತುಕ್ಕು, ಮೈಮೇಲೆ ಗೀರು. ಅದು ಸುಪ್ರೀಂ ಕೋರ್ಟಿನವರೆಗೂ ಹೋಯಿತು. 2021ರ ಫೆಬ್ರವರಿಯಲ್ಲಿ ಕೋರ್ಟ್ ಹೇಳಿದ್ದು: ಡೀಲರ್ ಮಾಡಿದ ತಪ್ಪು ತಯಾರಕರಾದ ಟಾಟಾ ಮೋಟಾರ್ಸ್‌ಗೆ ಗೊತ್ತಿತ್ತು ಎಂದು ತೋರಿಸದೆ ಅವರನ್ನು ಹೊಣೆ ಮಾಡಲಾಗದು. ಹಾಗಾಗಿ ಇಬ್ಬರನ್ನೂ ಸೇರಿಸಿ, ಆದರೆ ನಿಮ್ಮ ಸಾಕ್ಷಿಯ ಭಾರವೆಲ್ಲ ಡೀಲರ್ ಮೇಲೆ ಬೀಳಲಿ. ಕಂಪನಿಗೆ ಗೊತ್ತಿತ್ತು ಅನ್ನಲು ಜಾಬ್‌ಕಾರ್ಡ್, ಟ್ರೇಲರ್ ಹಾನಿಯ ಕ್ಲೇಮ್ ಕಾಗದ ಇದ್ದರೆ ಅದನ್ನು ಅವರಿಂದ ತರಿಸಿಕೊಳ್ಳಲು ಆಯೋಗವನ್ನು ಕೋರಿ.

ಹಂತ 22. ಕೇಳುವುದನ್ನು ಅಳೆದು ಕೇಳಿ.
ಒಂದು ಬಾಗಿಲಿನ ಬಣ್ಣಕ್ಕೆ 'ಹೊಸ ಕಾರೇ ಕೊಡಿ' ಎಂದು ಪಟ್ಟು ಹಿಡಿದರೆ ಕೇಸು ಎಳೆಯುತ್ತದೆ, ಸಿಗುವುದೂ ಕಷ್ಟ. ಚಿಕ್ಕ ಹಾನಿಗೆ ಬೆಲೆಯಲ್ಲಿ ಆದ ಇಳಿಕೆ, ಪರೀಕ್ಷೆಯ ಖರ್ಚು, ಮಾನಸಿಕ ಕಿರಿಕಿರಿಗೆ ಪರಿಹಾರ, ಕೇಸಿನ ವೆಚ್ಚ ಕೇಳಿ. ಚಾಸಿಗೇ ಪೆಟ್ಟು, ನೀರು ಕುಡಿದದ್ದು, ಬಳಸಿದ ಕಾರು, ಹಳೇ ವರ್ಷದ ಕಾರು ಆಗಿದ್ದರೆ ಪೂರ್ತಿ ಹಣ ವಾಪಸ್ ಅಥವಾ ಬೇರೆ ಕಾರು ಕೇಳಿ. ಅಂಥಲ್ಲಿ ಹಿಂಜರಿಯಬೇಡಿ.

ದೂರು ಕೊಡಲು ಕಾನೂನು ಕೊಟ್ಟಿರುವ ಗಡುವು ಎರಡು ವರ್ಷ. ತಡವಾದಷ್ಟೂ 'ಈ ಗಾಯ ನಿಮ್ಮ ಕೈಯಲ್ಲೇ ಆದದ್ದು' ಎನ್ನಲು ಡೀಲರಿಗೆ ಅನುಕೂಲ. ಅನುಮಾನ ಬಂದಿದ್ದರೆ ಈ ವಾರವೇ ಕಾರನ್ನು ಅಳೆಸಿ, ಮೇಲ್ ಕಳಿಸಿ.